ಬೆಂಕಿ ಆರಿದ ಮೇಲೆ ಬರುತ್ತಿದ್ದ ಏಣಿ ಮಾಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಂದು ತಳ್ಳುಗಾಡಿ ಹೋಗುವಷ್ಟೇ ಅಗಲದ ಓಣಿ. ಬಾಗಿಲು ಸುಟ್ಟು ಬರೀ ಚೌಕಟ್ಟು ಉಳಿದಿರುವ ಮನೆಯೊಂದರ ಮುಂದೆ ಬಿಳಿ ಬೆಡ್‌ಶೀಟ್ ಹಾಸಿದೆ. ಅದರ ಅಂಚಿನಲ್ಲಿ ಗಿಡ್ಡ ಸ್ಟೂಲೊಂದರ ಮೇಲೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದಾರೆ. ಮೂಗು ಬಾಯಿ ಮುಚ್ಚುವ ಮಾಸ್ಕ್, ಕೈಗೆ ತೆಳ್ಳನೆಯ ರಬ್ಬರ್ ಗ್ಲೌಸ್, ತೊಡೆಯ ಮೇಲೆ ಅಗಲವಾದ ಜರಡಿ. ಜರಡಿಯ ತುಂಬ ಬೂದಿ. ಅವರ ಮುಖ ಮಾತ್ರ ಜರಡಿಯ ಕಡೆಗಿಲ್ಲ, ಓಣಿಯ ತುದಿಗೆ ನೆಟ್ಟಿದೆ. ಇದು ಅವರು ನೋಡಿ ಮಾಡುವ ಕೆಲಸವಲ್ಲ. ಅವರ ಕಣ್ಣು ಹೋಗಿ ವರ್ಷಗಳೇ ಆದವು.

ಮನೆಯೊಳಗೆ ಅವರ ಮಗಳು ಹೆಲ್ಮೆಟ್ ಹಾಕಿಕೊಂಡು ಸಲಿಕೆಯಲ್ಲಿ ಬೂದಿ ಎತ್ತುತ್ತಿದ್ದಾಳೆ. ವೈರಿಂಗ್ ಕೆಲಸ ಮಾಡುವ ಗಟ್ಟಿಗಿತ್ತಿ. ಬಂದವಳೇ ಮೊದಲು ಕರೆಂಟು ಪೂರ್ತಿ ಕಡಿದಿದೆಯೇ ಎಂದು ನೋಡಿ, ಗೋಡೆಗಳನ್ನು ಕೋಲಿನಿಂದ ತಟ್ಟಿ, ಗಾಜಿನ ಚೂರುಗಳನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟಿದ್ದಾಳೆ. ಎಲ್ಲರೂ ಬೇಕರಿ ಅಕ್ಕ ಎಂದು ಕರೆಯುವ ಇನ್ನೊಬ್ಬ ಹೆಂಗಸು ಆ ಬೂದಿಯನ್ನು ಬಾಂಡ್ಲಿಯಲ್ಲಿ ಹೊತ್ತು ತಂದು ಜರಡಿಗೆ ಸುರಿಯುತ್ತಾಳೆ. ಎದುರು ಮನೆಯ ಮೆಟ್ಟಿಲ ಮೇಲೆ, ಯಾರೋ ಕೊಟ್ಟ ಸ್ವೆಟರ್ ತೊಟ್ಟು, ಸುಟ್ಟ ಮನೆಯ ಗೃಹಿಣಿ ಕೂತಿದ್ದಾಳೆ. ಚಿಕ್ಕ ವಯಸ್ಸು. ಮೊನ್ನೆ ಸಂಜೆ ಸ್ಟೌವಿನಿಂದ ಹತ್ತಿದ ಬೆಂಕಿ ಅರ್ಧ ಗಂಟೆಯೊಳಗೆ ಅವಳ ಸಂಸಾರವನ್ನೆಲ್ಲ ನುಂಗಿತು. ಜೀವಕ್ಕೇನೂ ಆಗಲಿಲ್ಲ ಎಂಬುದೊಂದೇ ಸಮಾಧಾನ.

ಜರಡಿಯೊಳಗೆ ಬೆರಳುಗಳು ಆಡುತ್ತವೆ. ಒತ್ತುವುದಿಲ್ಲ, ಕೆದಕುವುದಿಲ್ಲ. ಮಗುವಿನ ತಲೆಯಲ್ಲಿ ಬೆರಳಾಡಿಸಿದ ಹಾಗೆ ಇಲ್ಲಿಂದ ಅಲ್ಲಿಗೆ ಸಾಗುತ್ತವೆ. “ಇದು ಡಬ್ಬಿ ಮುಚ್ಚಳ. ಇದು ಬೀಗದ ಕೈ, ತಗೋ. ಇದು ಮೊಳೆ… ಇದೂ ಮೊಳೆ. ಗೋಡೆ ತುಂಬ ಮೊಳೆ ಹೊಡೆದಿದ್ದೀರಲ್ಲ, ಬಾಡಿಗೆ ಮನೆ ಅಲ್ವಾ? ಓನರ್ ಬೈತಿರಲಿಲ್ವಾ?” ಮೆಟ್ಟಿಲ ಮೇಲಿದ್ದವಳಿಗೆ ಅಷ್ಟು ದುಃಖದಲ್ಲೂ ನಗು ಬರುತ್ತದೆ. ಬೆರಳುಗಳು ತಟ್ಟನೆ ನಿಲ್ಲುತ್ತವೆ. ಉದ್ದನೆಯದೊಂದು ಮೇಲೆ ಬರುತ್ತದೆ. ಹಿಡಿಯ ಪ್ಲಾಸ್ಟಿಕ್ ಕರಗಿ ಹೋಗಿದೆ, ಎರಡು ಅಲಗುಗಳು ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿವೆ. ಬಟ್ಟೆ ಕತ್ತರಿಸುವ ಕತ್ತರಿ.

“ನನ್ನಮ್ಮಂದು!” ಎಂದು ಮೆಟ್ಟಿಲ ಮೇಲಿದ್ದ ಹುಡುಗಿ ಓಡಿ ಬರುತ್ತಾಳೆ. ಹೊಲಿಗೆ ಕಲಿಸಿದ ತಾಯಿ ತೀರಿಕೊಳ್ಳುವಾಗ ಬಿಟ್ಟುಹೋದದ್ದು ಅದೊಂದೇ ಅಂತೆ. ಬೂದಿ ಮೆತ್ತಿದ ಕತ್ತರಿಯನ್ನು ಎದೆಗವಚಿಕೊಂಡು ಅಳುವ ಅವಳ ಬೆನ್ನನ್ನು ಹಿರಿಯಾಕೆ ಮೊಣಕೈಯಿಂದ ಸವರುತ್ತಾರೆ, ಗ್ಲೌಸಿನ ಮಸಿ ಸ್ವೆಟರಿಗೆ ತಾಗಬಾರದೆಂದು. “ಸಾಣೆ ಹಿಡಿಸು, ಹಿಡಿ ಹಾಕಿಸು. ನಾಳೆ ನಿನ್ನ ಮಗಳೂ ಅದರಲ್ಲೇ ಬಟ್ಟೆ ಕತ್ತರಿಸ್ತಾಳೆ.”

ಆಮೇಲೆ, ಇದನ್ನು ಬರೆಯಲು ಬಂದ ನನ್ನ ಕಡೆ ತಿರುಗಿ ಹೇಳುತ್ತಾರೆ: “ಇದು ನನ್ನ ಕೆಲಸ ಅಂತ ಬರೀಬೇಡಿ. ಇದು ಅವರ ಕೆಲಸ. ಬರೆಯೋದಾದ್ರೆ ಅವರ ಬಗ್ಗೆ ಬರೀರಿ.”

ಅವರು ಎಂದರೆ ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾಗಿ, ಹೋದ ವರ್ಷ ತೀರಿಕೊಂಡ ಅವರ ಯಜಮಾನರು. ಠಾಣೆಯಲ್ಲಿ ಎಲ್ಲರಿಗೂ ಅವರು ‘ಏಣಿ’. ಬಡಾವಣೆಗೆ ‘ಏಣಿ ಮಾಮ’. ಹೆಂಡತಿಗೂ ಅದೇ ಹೆಸರು ಅಂಟಿಕೊಂಡಿತು. “ನಾನು ಐದಡಿ ಕೂಡ ಇಲ್ಲ. ಮೇಲಿನ ಶೆಲ್ಫಿನ ಡಬ್ಬಿ ಎಟುಕಲ್ಲ. ನನಗೂ ಏಣಿ ಅತ್ತೆ ಅಂತಾರೆ ನೋಡಿ!” ಎಂದು ಅತ್ತೆ ನಗುತ್ತಾರೆ.

ಆಳು ಎತ್ತರ ಎಂಬ ಒಂದೇ ಕಾರಣಕ್ಕೆ ಮಾಮನಿಗೆ ಆ ಕೆಲಸ ಸಿಕ್ಕಿತ್ತು. ತಂದೆಯನ್ನು ನೋಡಿದ ನೆನಪೇ ಅವರಿಗಿರಲಿಲ್ಲ. ತಾಯಿ ಊರವರ ಬಟ್ಟೆಗೆ ಇಸ್ತ್ರಿ ಹಾಕಿ, ಬಿಡುವಿನಲ್ಲಿ ಚರ್ಚಿನ ಕಸ ಗುಡಿಸಿ ಮಗನನ್ನು ಬೆಳೆಸಿದರು. ತಾಯಿ ನೆಲ ಒರೆಸುವಾಗ ಮಗ ಕೊನೆಯ ಬೆಂಚಿನ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದ. ಮುಂದೆ ಅಷ್ಟು ದೊಡ್ಡ ಆಳಾದ ಮೇಲೂ ಭಾನುವಾರದ ಬಲಿಪೂಜೆಗೆ ಹೋದರೆ ಅವರು ಕೂರುತ್ತಿದ್ದದ್ದು ಅದೇ ಬೆಂಚಿನಲ್ಲಿ. ಮುಂದೆ ಬನ್ನಿ ಎಂದು ಫಾದರ್ ಕರೆದರೆ, “ಇಲ್ಲೇ ಇರ್ತೀನಿ ಫಾದರ್, ಇಲ್ಲಿಂದ್ಲೂ ದೇವರಿಗೆ ಕಾಣ್ತೀನಿ, ಉದ್ದ ಇದೀನಲ್ಲ” ಎನ್ನುತ್ತಿದ್ದರಂತೆ.

ಕೆಲಸವೇನೋ ಸಿಕ್ಕಿತು, ಆದರೆ ಎತ್ತರ ಕಂಡರೆ ಅವರಿಗೆ ಎದೆ ನಡುಗುತ್ತಿತ್ತು. ಈ ಗುಟ್ಟನ್ನು ಬಿಟ್ಟುಕೊಟ್ಟವರು ಅವರ ಜೊತೆ ವರ್ಷಾನುಗಟ್ಟಲೆ ಗಾಡಿ ಓಡಿಸಿದ, ಈಗ ನಿವೃತ್ತರಾಗಿರುವ ಡ್ರೈವರ್ ಅಣ್ಣ. “ಏಣಿ ಹತ್ತೋವಾಗ ಜಪ ಮಾಡ್ತಿದ್ದ. ಒಂದೊಂದು ಮೆಟ್ಟಿಲಿಗೆ ಒಂದೊಂದು ‘ನಮೋ ಮರಿಯಾ’. ನಾನು ಕೆಳಗೆ ನಿಂತು, ಬೇಗ ಬೇಗ ಹೇಳಪ್ಪ, ಬೆಂಕಿ ಕಾಯಲ್ಲ ಅಂತ ಕೂಗೋನು. ಆದ್ರೆ ಒಂದು ಮಾತು. ಹತ್ತೋ ತನಕ ಭಯ. ಕಿಟಕಿಯಿಂದ ಒಳಗೆ ಕಾಲಿಟ್ಟ ಮೇಲೆ ಅವನಂಥ ಗುಂಡಿಗೆ ಇನ್ನೊಬ್ಬನದಿಲ್ಲ. ಒಳಗೆ ಜನ ಇದ್ದಾರೆ ಅಂತ ಗೊತ್ತಾದ್ರೆ ಅವನಿಗೆ ಎತ್ತರ, ಹೊಗೆ ಏನೂ ನೆನಪಿರ್ತಿರಲಿಲ್ಲ.”

ಮನೆಯಲ್ಲಿ ಈ ಮನುಷ್ಯನಿಗೆ ಒಂದೇ ಹಠ. ಎಲ್ಲಿದ್ದರೂ ಊಟಕ್ಕೆ ಮನೆಯವರ ಜೊತೆ ಕೂರಬೇಕು, ಕೂತ ಮೇಲೆ ಎಲ್ಲರ ಹೆಸರು ಹೇಳಿ ಪ್ರಾರ್ಥಿಸಬೇಕು. ಡ್ಯೂಟಿಯ ದೆಸೆಯಿಂದ ಎಷ್ಟೋ ಸಲ ಅದು ಆಗುತ್ತಿರಲಿಲ್ಲ. ಮಗಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ದಿನ ರಜೆ ಹಾಕಿ, ಶರ್ಟಿಗೆ ಇಸ್ತ್ರಿ ಹೊಡೆದು ಸಿದ್ಧವಾಗಿದ್ದವರು ಪೇಂಟ್ ಗೋದಾಮಿಗೆ ಬೆಂಕಿ ಬಿತ್ತೆಂದು ಹೊರಟುಹೋದರು. ಮಗಳು ಆ ದಿನವನ್ನು ನೆನೆಯುತ್ತಾಳೆ: “ಪೂಜೆ ಮುಗಿಯೋ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಬಂದು ನಿಂತ್ರು. ಮುಖ ಎಲ್ಲ ಮಸಿ, ಕಣ್ಣಷ್ಟೇ ಬೆಳ್ಳಗೆ. ನಾನು ಸಾಲು ಬಿಟ್ಟು ಓಡಿಹೋಗಿ ತಬ್ಬಿಕೊಂಡೆ. ಬಿಳಿ ಫ್ರಾಕಿನ ಬೆನ್ನ ಮೇಲೆ ಅಪ್ಪನ ಎರಡು ಕೈಯಚ್ಚು ಮೂಡಿತು. ಟೀಚರ್ ಬೈದ್ರು. ಅಮ್ಮ ಆ ಫ್ರಾಕ್ ಇವತ್ತಿನವರೆಗೂ ಒಗೆದಿಲ್ಲ.”

ಏಣಿ ಮಾಮ ಬೆಂಕಿ ಆರಿದ ಮೇಲೂ ಆ ಮನೆಗಳಿಗೆ ಹೋಗತೊಡಗಿದ್ದಕ್ಕೆ ಒಂದು ಜೊತೆ ಹಲ್ಲು ಕಾರಣ.

ಸೇವೆಯಲ್ಲಿ ಅರ್ಧ ದಾರಿ ಕಳೆದಿದ್ದ ದಿನಗಳವು. ಒಂದು ಸಂಜೆ ಹಳೆಯ ಮರದ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಮೂರನೆಯ ಮಹಡಿಯಲ್ಲಿ ಒಂಟಿ ಅಜ್ಜಿಯೊಬ್ಬಳು ಸಿಕ್ಕಿಹಾಕಿಕೊಂಡಿದ್ದಳು. ಮಾಮ ಅವಳನ್ನು ಬೆನ್ನಿಗೆ ಹಾಕಿಕೊಂಡು ಏಣಿ ಇಳಿಯತೊಡಗಿದರೆ, ಅಜ್ಜಿ ಮುಷ್ಟಿ ಕಟ್ಟಿ ಹೆಲ್ಮೆಟ್ಟಿನ ಮೇಲೆ ಗುದ್ದುತ್ತ ಒಂದೇ ಸಮ ಕಿರುಚುತ್ತಿದ್ದಳಂತೆ. ಏನು ಹೇಳುತ್ತಿದ್ದಾಳೆಂದು ಯಾರಿಗೂ ತಿಳಿಯಲಿಲ್ಲ. ಕೆಳಗಿಳಿಸಿದ ಮೇಲೆ, ಬೋಳು ಬಾಯಿ ತೋರಿಸಿದಾಗ ಗೊತ್ತಾಯಿತು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಒಳಗೇ ಉಳಿದಿತ್ತು. “ಜೀವ ಉಳಿಸಿದವನಿಗೆ ಹೊಡೀತಾಳಲ್ಲಪ್ಪ ಮುದುಕಿ ಅಂತ ನಾವೆಲ್ಲ ನಕ್ಕೆವು” ಎನ್ನುತ್ತಾರೆ ಡ್ರೈವರ್ ಅಣ್ಣ. “ಪೈಪ್ ಸುತ್ತಿಕೊಂಡು ಠಾಣೆಗೆ ಹೋದ್ವಿ. ನಮ್ಮ ಮಟ್ಟಿಗೆ ಕೆಲಸ ಮುಗೀತು.”

ಮಾರನೆಯ ದಿನ ಮಧ್ಯಾಹ್ನ ಮಾಮ ಆ ಬೀದಿಯಲ್ಲೇ ಮನೆಗೆ ಹೋಗುತ್ತಿದ್ದರು. ಸುಟ್ಟ ಕಟ್ಟಡದ ಎದುರು, ಅಂಗಡಿಯೊಂದರ ಕಟ್ಟೆಯ ಮೇಲೆ, ಅದೇ ಅಜ್ಜಿ ಕೂತಿದ್ದಳು. ಅದೇ ಬಟ್ಟೆ, ಇವರ ಪೈಪಿನ ನೀರಿನಲ್ಲೇ ನೆಂದದ್ದು, ಮೈಮೇಲೆ ಅರ್ಧಂಬರ್ಧ ಒಣಗಿತ್ತು. ಯಾರೋ ಕೊಟ್ಟ ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು, ಹಲ್ಲಿಲ್ಲದೆ ತಿನ್ನಲಾಗದೆ.

ಮಾಮ ನೇರ ಕಟ್ಟಡದೊಳಗೆ ಹೋದರು. ಮೇಲಿನ ಮಹಡಿಗಳು ಕುಸಿದು ಕೆಳಗೆ ರಾಶಿಯಾಗಿದ್ದವು. ಸಂಜೆಯವರೆಗೂ ಬೂದಿ ಎತ್ತಿ ಹಾಕಿದರು. ಕೊನೆಗೆ ಬಿದ್ದ ಗೋಡೆಯ ಸಂದಿಯಲ್ಲಿ ಒಂದು ಹಿತ್ತಾಳೆ ಚೊಂಬು ಸಿಕ್ಕಿತು. ಅದರ ತಳದಲ್ಲಿ ಒಂದಿಷ್ಟು ನೀರು, ನೀರಿನಲ್ಲಿ ಅಜ್ಜಿಯ ಹಲ್ಲು. ನಲ್ಲಿಯಲ್ಲಿ ತೊಳೆದು ತಂದು ಕೈಗಿಟ್ಟರು. ಅಜ್ಜಿ ಹಲ್ಲು ಹಾಕಿಕೊಂಡವಳೇ ಮೊದಲು ಮಾಡಿದ್ದು ಮಾಮನನ್ನು ಬಾಯ್ತುಂಬ ಬೈದದ್ದು: “ನಿನ್ನೆನೇ ಕೊಟ್ಟಿದ್ರೆ ಏನಾಗ್ತಿತ್ತೋ ನಿನಗೆ?”

ಆ ಸಂಜೆ ಅಜ್ಜಿ ಅವರ ಮನೆಗೇ ಬಂದಳು. ಬಾಗಿಲು ತೆಗೆದ ಅತ್ತೆ ಗಂಡನನ್ನು ಅಡುಗೆಮನೆಗೆ ಕರೆದು ಕೇಳಿದರು: “ಎಷ್ಟು ದಿನಕ್ಕೆ ರೀ?”

“ಗೊತ್ತಿಲ್ಲ ಕಣೇ. ಅವಳಿಗೆ ಯಾರೂ ಇಲ್ಲ.”

“ಇರೋದೇ ಎರಡು ರೂಮು.”

“ಹೌದು. ಒಂದರಲ್ಲಿ ನಾವು, ಒಂದರಲ್ಲಿ ಅವಳು.”

“ಮಗಳು?”

“ಅಜ್ಜಿ ಜೊತೆ.”

ಅಜ್ಜಿ ನಾಲ್ಕು ವರ್ಷ ಇದ್ದಳು. ಮಗಳಿಗೆ ಜಡೆ ಹೆಣೆದಳು, ಅತ್ತೆಯ ಅಡುಗೆಗೆ ಹೆಸರಿಟ್ಟಳು, ಮಾಮ ಹೊರಗೆ ಹೋದಾಗಲೆಲ್ಲ ಬಾಗಿಲಲ್ಲಿ ಕೂತು ಕಾದಳು. ಆ ಮನೆಯಲ್ಲೇ ಕಣ್ಣು ಮುಚ್ಚಿದಳು. ಅವಳು ಯಾವ ದೇವರನ್ನು ನಂಬಿದ್ದಳೆಂದು ಕೊನೆಯವರೆಗೂ ಯಾರೂ ಕೇಳಲಿಲ್ಲ. ಮಾಮ ಸ್ವಂತ ತಾಯಿಗೆ ಮಾಡಿದಂತೆ ಅವಳ ಹೆಸರಿನಲ್ಲಿ ಪೂಜೆ ಮಾಡಿಸಿದರು. ಅಲ್ಲಿಂದ ಮುಂದೆ ರಜೆ ಸಿಕ್ಕ ದಿನವೆಲ್ಲ ಸುಟ್ಟ ಮನೆಗಳಿಗೆ ಜರಡಿ ಹಿಡಿದು ಹೋಗುವುದು ಅವರಿಗೆ ರೂಢಿಯಾಯಿತು. “ಬೆಂಕಿ ಆರಿಸಿ ನಾವು ಹೊರಟುಬಿಡ್ತೀವಿ. ಅವರಿಗೆ ಕಷ್ಟ ಶುರುವಾಗೋದೇ ಆಗ ಕಣೇ ಅನ್ನೋರು” ಎಂದು ಅತ್ತೆ ನೆನೆಸಿಕೊಳ್ಳುತ್ತಾರೆ.

ನಿವೃತ್ತರಾದ ಮೇಲೆ ಇದೇ ಅವರ ಕಸುಬಾಯಿತು. ಚರ್ಚಿನ ಹಿಂಭಾಗದಲ್ಲಿ ಮೇಣದ ಬತ್ತಿ ಇಡುತ್ತಿದ್ದ ಹಳೆಯ ಕೋಣೆಯನ್ನು ಫಾದರ್ ಬಿಟ್ಟುಕೊಟ್ಟರು. ಇವತ್ತಿಗೂ ಆ ಕೋಣೆ ಹಾಗೇ ಇದೆ. ಒಂದು ಗೋಡೆಗೆ ಪಾತ್ರೆ ಪಡಗ, ಇನ್ನೊಂದಕ್ಕೆ ಕಂಬಳಿ, ಟವೆಲು, ನಡುವೆ ಅಳತೆವಾರು ಚಪ್ಪಲಿ, ಮಕ್ಕಳ ಸ್ಕೂಲ್ ಬ್ಯಾಗು. ಒಳಗೆ ಕಾಲಿಟ್ಟರೆ ಇನ್ನೂ ಮೇಣದ ವಾಸನೆ. ಮನೆ ಸುಟ್ಟುಕೊಂಡವರಿಗೆ ಅಲ್ಲಿಂದ ಒಂದು ಅಡುಗೆಮನೆಗೆ ಬೇಕಾದಷ್ಟು ಸಾಮಾನು ಹೋಗುತ್ತದೆ. ತಿಂಗಳಿಗೆ ಎರಡೋ ಮೂರೋ ಮನೆ. ಬಿಸಿಲುಗಾಲದಲ್ಲಿ ಇನ್ನೂ ಹೆಚ್ಚು. ಅಲ್ಲಿ ಮಾಮನ ಕಟ್ಟುನಿಟ್ಟು ಒಂದೇ: ಹರಿದದ್ದು, ಸೊಟ್ಟಾದದ್ದು ಒಳಗೆ ಬರುವಂತಿಲ್ಲ. ಯಾರಾದರೂ ಹಳೆಯ ಬೆಡ್‌ಶೀಟ್ ತಂದರೆ ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. “ಇದರಲ್ಲಿ ನೀವು ಮಲಗ್ತೀರಾ?” ಇಲ್ಲ ಎಂದರೆ, “ಹಾಗಾದ್ರೆ ಅವರೂ ಮಲಗಲ್ಲ” ಎಂದು ಮಡಿಸಿ ವಾಪಸ್ ಕೊಡುತ್ತಿದ್ದರು.

ಭಾನುವಾರ ಪೂಜೆ ಮುಗಿದ ಕೂಡಲೇ ಚರ್ಚಿನ ಬಾಗಿಲಲ್ಲಿ ನಿಂತು, ಹೊರಬರುವವರನ್ನೆಲ್ಲ ಮಾತಾಡಿಸಿ, ಒಂದು ಪಾತ್ರೆಗೋ ಕಂಬಳಿಗೋ ಒಪ್ಪಿಸಿಯೇ ಬಿಡುತ್ತಿದ್ದರು. ಅವರ ಕೈಗೆ ಸಿಗಬಾರದೆಂದು ಕೆಲವರು ಪಕ್ಕದ ಬಾಗಿಲಿನಿಂದ ಜಾರಿಕೊಳ್ಳತೊಡಗಿದರು. ಮುಂದಿನ ಭಾನುವಾರ ಮಾಮ ಪಕ್ಕದ ಬಾಗಿಲಲ್ಲಿ ನಿಂತಿದ್ದರು.

ಎಲ್ಲವೂ ಹೀಗೆ ನಗುನಗುತ್ತಲೇ ನಡೆಯಿತೆಂದಲ್ಲ. ಮಾಮನನ್ನು ಒಳಗೊಳಗೇ ಹಣ್ಣು ಮಾಡಿದ ಒಂದು ಸಂಗತಿಯೂ ಇದೆ. ಅದನ್ನು ಹೇಳಿದ್ದು ಅತ್ತೆಯಲ್ಲ, ಮಗಳೂ ಅಲ್ಲ. ಬಾಂಡ್ಲಿ ಕೆಳಗಿಟ್ಟು, ಕೈ ಒರೆಸಿಕೊಂಡು, ಬೇಕರಿ ಅಕ್ಕ ತಾನೇ ಹೇಳಿದಳು.

“ನಮ್ಮ ಬೇಕರಿ, ಅದರ ಮೇಲೆ ನಮ್ಮ ಮನೆ. ಎರಡೂ ಸುಟ್ಟುಹೋಯ್ತು. ಮಾಮ ಬಂದ್ರು, ಒಬ್ರೇ ಒಳಗೆ ಹೋದ್ರು, ಎರಡು ದಿನ ಹುಡುಕಿದ್ರು. ಎಷ್ಟೋ ಸಾಮಾನು ತೆಗೆದುಕೊಟ್ರು. ನನ್ನ ಚಿನ್ನದ ಸರ ಮಾತ್ರ ಸಿಗಲಿಲ್ಲ. ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದೆ. ಬೀರು ಹಾಗೇ ಇದೆ, ಸರ ಇಲ್ಲ. ಒಳಗೆ ಹೋಗಿದ್ದು ಅವರೊಬ್ರೇ. ನನ್ನ ಬಾಯಿಗೆ ಏನು ಬಡಿದಿತ್ತೋ ಕಾಣೆ. ಭಾನುವಾರ ಚರ್ಚಿನ ಬಾಗಿಲಿಗೇ ಹೋಗಿ, ಎಲ್ಲರ ಎದುರು, ಕಳ್ಳ ಅಂದೆ.”

ಅಷ್ಟೂ ಜನರ ಮುಂದೆ ಮಾಮ ತಲೆ ತಗ್ಗಿಸಿ ನಿಂತರು. “ನಾನು ತಗೊಂಡಿಲ್ಲಮ್ಮ” ಎಂದಷ್ಟೇ ಹೇಳಿದರು. ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಕೆಲವರು ಕೋಣೆಗೆ ಸಾಮಾನು ಕೊಡುವುದನ್ನು ನಿಲ್ಲಿಸಿದರು. ಸ್ವಲ್ಪ ದಿನ ಬಿಟ್ಟುಬಿಡಿ, ಮಾತು ತಣ್ಣಗಾಗಲಿ ಎಂದು ಫಾದರ್ ಕೂಡ ಹೇಳಿದರು. ಮಾಮನಿಗೆ ಊಟ ಸೇರಲಿಲ್ಲ. ಒಂದು ದಿನ ಫಾದರ್ ಬಳಿ ಪಾಪನಿವೇದನೆಗೆ ಹೋಗಿ ಬಂದವರನ್ನು ಅತ್ತೆ ಕೆಣಕಿದರಂತೆ: “ಮಾಡದೇ ಇರೋ ಕಳ್ಳತನಕ್ಕೆ ಏನು ನಿವೇದನೆ ರೀ?” ಮಾಮ ಹೇಳಿದರು: “ಕಳ್ಳತನಕ್ಕಲ್ಲ. ಆ ಹೆಂಗಸಿನ ಮೇಲೆ ನನಗೆ ಬಂದಿದೆಯಲ್ಲ, ಆ ಸಿಟ್ಟಿಗೆ.”

ಆ ವಾರವೇ ಮತ್ತೊಂದು ಕಡೆ ಮನೆ ಸುಟ್ಟಿತು. ಹೋಗಬೇಡಿ ಎಂದು ಮಗಳು ಅಡ್ಡ ನಿಂತಳು. “ನಾನು ಕೂಗಾಡಿದೆ. ಕಳ್ಳ ಅನ್ನಿಸ್ಕೊಂಡೂ ಹೋಗ್ತೀರಾ, ನಿಮಗೆ ಮಾನ ಮರ್ಯಾದೆ ಬೇಡ್ವಾ ಅಂದೆ. ಅಪ್ಪ ಶೂ ಹಾಕಿಕೊಳ್ತಾ ಹೇಳಿದ್ರು, ಮಾನ ಹೋಗಿರೋದು ನಂದು ಕಣಮ್ಮ, ಮನೆ ಹೋಗಿರೋದು ಅವರದು ಅಂತ. ನಾನೂ ಜೊತೆಗೆ ಹೋದೆ.”

ಹೊರಡುವ ಮುಂಚೆ ಮಾಮ ಮಂಚದ ಮೇಲಿನ ಬಿಳಿ ಬೆಡ್‌ಶೀಟ್ ಎಳೆದು ಕಂಕುಳಲ್ಲಿಟ್ಟುಕೊಂಡರು. ಅವತ್ತಿನಿಂದ ಬೂದಿಯನ್ನು ಒಳಗೆ ಜರಡಿ ಹಿಡಿದದ್ದೇ ಇಲ್ಲ. ಬೀದಿಯಲ್ಲಿ, ಹಗಲಲ್ಲಿ, ನಾಲ್ಕು ಜನರ ಕಣ್ಣೆದುರು, ಮನೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬಿಳಿ ಬಟ್ಟೆಯ ಮೇಲೆ ಹಿಡಿಯುವುದು.

ಅಷ್ಟರಲ್ಲಾಗಲೇ ಅತ್ತೆಯ ಕಣ್ಣು ಮಬ್ಬಾಗತೊಡಗಿತ್ತು. ಸಕ್ಕರೆ ಕಾಯಿಲೆ. ಓದು ಹೋಯಿತು, ಮುಖಗಳು ಹೋದವು, ಕೊನೆಗೆ ಬೆಳಕೂ ಹೋಯಿತು. ಮಾಮ ಅಡುಗೆ ಕಲಿತರು. “ಉಪ್ಪು ಎರಡು ಸಲ ಹಾಕೋರು, ಇಲ್ಲಾ ಒಂದು ಸಲವೂ ಹಾಕ್ತಿರಲಿಲ್ಲ” ಎನ್ನುತ್ತಾರೆ ಅತ್ತೆ. ದಿನವೂ ಬೆಳಗ್ಗೆ ಹೆಂಡತಿಯ ತಲೆ ಬಾಚಿ, ತೋಳು ಹಿಡಿದು ಪೂಜೆಗೆ ಕರೆದೊಯ್ಯುತ್ತಿದ್ದರು. ಪೀಠದ ಮೇಲೆ ಇವತ್ತು ಯಾವ ಹೂವು, ಯಾವ ಬಣ್ಣ ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಸಂಜೆ ಜಪಸರ. ಅತ್ತೆ ಅರ್ಧ ಹೇಳಿದರೆ ಮಾಮ ಅರ್ಧ.

ಕೆಲವು ವರ್ಷ ಕಳೆದ ಮೇಲೆ ಆ ಅರ್ಧ ಹೇಳುವಷ್ಟರಲ್ಲೇ ಮಾಮನಿಗೆ ಕೆಮ್ಮು ಬರತೊಡಗಿತು. ಜೀವಮಾನವೆಲ್ಲ ಕುಡಿದ ಹೊಗೆ ಶ್ವಾಸಕೋಶದಲ್ಲಿ ಕೂತಿತ್ತು. ಬೂದಿಯ ಹತ್ತಿರ ಸುಳಿಯಲೇಬಾರದೆಂದು ಡಾಕ್ಟರ್ ಹೇಳಿದರು. ಮಾಮ ಹೂಂ ಅಂದು ಬಂದು, ಎರಡೇ ವಾರದಲ್ಲಿ ಮತ್ತೆ ಜರಡಿ ಹುಡುಕತೊಡಗಿದರು. ಆಗ ಅತ್ತೆ ಜರಡಿ ಕಿತ್ತುಕೊಂಡರು.

“ಇನ್ನು ಮೇಲೆ ನಾನು ಹಿಡೀತೀನಿ.”

“ಕಣ್ಣು ಕಾಣದೋಳು ಬೂದಿಯಲ್ಲಿ ಏನು ಹುಡುಕ್ತೀಯೆ?”

“ಇಷ್ಟು ವರ್ಷ ಕಾಳಲ್ಲಿ ಕಲ್ಲು ಆರಿಸ್ಲಿಲ್ವಾ? ಕಣ್ಣು ಬಿಟ್ಕೊಂಡು ಆರಿಸ್ತಿದ್ನಾ? ಮಗಳ ಹತ್ರ ಮಾತಾಡ್ತಾ, ಬಾಗಿಲ ಕಡೆ ನೋಡ್ತಾ ಆರಿಸ್ತಿದ್ದೆ.”

ಮಾಮನಿಗೆ ನಂಬಿಕೆ ಬರಲಿಲ್ಲ. ಹಿತ್ತಲಲ್ಲಿ ಪರೀಕ್ಷೆ ಇಟ್ಟರು. ನೀರು ಕಾಯಿಸುವ ಒಲೆಯ ಬೂದಿಯನ್ನು ಜರಡಿಗೆ ತುಂಬಿ, ಉಂಗುರ, ಗುಂಡಿ, ಸೂಜಿ, ನಾಣ್ಯ ಎಂದು ಏನೇನೋ ಬೆರೆಸಿಟ್ಟರು. ಅತ್ತೆ ಒಂದೊಂದಾಗಿ ತೆಗೆದು ಅವರ ಅಂಗೈಗೆ ಹಾಕಿದರು. ಮುಗಿಯಿತೆಂದು ಮಾಮ ಏಳುವಷ್ಟರಲ್ಲಿ ಇನ್ನೂ ಒಂದು ಹೊರಬಂತು, ಪುಟ್ಟದೊಂದು ಸ್ಕ್ರೂ. “ಇದನ್ನ ನಾನು ಹಾಕಿಲ್ಲ!” ಎಂದರು ಮಾಮ. ಅವರ ಕನ್ನಡಕದಿಂದ ಬಿದ್ದು, ವಾರದಿಂದ ಮನೆಯೆಲ್ಲ ಹುಡುಕಿದ್ದ ಸ್ಕ್ರೂ ಅದು. ಹೇಗೆ ಒಲೆಗೆ ಬಿತ್ತೋ! ಅತ್ತೆ ಈಗಲೂ ಅದನ್ನು ಹೇಳುವಾಗ ಬೀಗುತ್ತಾರೆ. “ಆವತ್ತು ಅವರು ಸೋತ್ರು ನೋಡಿ.”

ಅಲ್ಲಿಂದ ಆ ಬಡಾವಣೆಯವರು ಕಂಡದ್ದು ಒಂದು ಅಪರೂಪದ ಜೋಡಿ. ಹೆಂಡತಿ ಬೂದಿಯ ಮುಂದೆ. ಗಂಡ ಗಾಳಿ ಬೀಸುವ ದಿಕ್ಕು ನೋಡಿಕೊಂಡು, ಹತ್ತು ಮಾರು ದೂರದಲ್ಲಿ, ಮಾಸ್ಕ್ ಹಾಕಿಕೊಂಡು ಕುರ್ಚಿಯಲ್ಲಿ. ಮಗಳು ಒಳಗಿನಿಂದ, ಅಪ್ಪ ಇಲ್ಲಿ ಏನಿತ್ತು ಅಂತ ಕೂಗಿದರೆ, ಅವರು ಮನೆಯವರನ್ನು ಕೇಳಿ, ಬೀರು ಯಾವ ಕಡೆ ಬಿದ್ದಿರಬಹುದೆಂದು ಯೋಚಿಸಿ ಅಲ್ಲಿಂದಲೇ ಹೇಳುತ್ತಿದ್ದರು. “ಅವರಿಗೆ ಉಸಿರಿಲ್ಲ, ನನಗೆ ಕಣ್ಣಿಲ್ಲ. ಇಬ್ರೂ ಸೇರಿ ಒಂದು ಪೂರ್ತಿ ಆಳು” ಎನ್ನುತ್ತಾರೆ ಅತ್ತೆ.

ಬೇಕರಿ ಅಕ್ಕ ಅವರ ಮನೆಯ ಬಾಗಿಲು ತಟ್ಟಿದ್ದು ಆ ದಿನಗಳಲ್ಲೇ. ಅವಳ ತಮ್ಮ ಹಾಸಿಗೆ ಹಿಡಿದಿದ್ದ. ಬದುಕುವ ಆಸೆ ಬಿಟ್ಟುಹೋಗಿ, ಅಕ್ಕನ ಕೈ ಹಿಡಿದು ಒಪ್ಪಿಕೊಂಡಿದ್ದ. ಬೆಂಕಿ ಬೀಳುವುದಕ್ಕೆ ತಿಂಗಳ ಮುಂಚೆಯೇ ಬೀರುವಿನಿಂದ ಸರ ತೆಗೆದು ಮಾರಿದ್ದವನು ಅವನೇ. “ಮಾಮನ ಕಾಲಿಗೆ ಬೀಳೋಕೆ ಹೋದೆ” ಎನ್ನುತ್ತಾಳೆ ಅವಳು. “ಮಾಮ ಕುರ್ಚಿಯಿಂದ ಎದ್ದು ನಿಂತ್ರು. ಏಳೋಕೂ ಆಗ್ತಿರಲಿಲ್ಲ ಅವರಿಗೆ. ಆಯ್ತು ಬಿಡಮ್ಮ, ತಮ್ಮನ ಮೇಲೆ ಕೂಗಾಡಬೇಡ, ಅವನು ಸಾಯೋ ಹೊತ್ತಲ್ಲಿ ನಿಜ ಹೇಳಿದ್ದಾನೆ, ಅದು ಚಿಕ್ಕದಲ್ಲ ಅಂದ್ರು. ಆಮೇಲೆ, ಅವನಿಗೆ ಊಟ ಸೇರುತ್ತಾ, ಏನು ಕೊಡ್ತಿದೀಯ ಅಂತ ಕೇಳಿದ್ರು. ನಾನು ಕಳ್ಳ ಅಂದಿದ್ದೆ ಕಣ್ರೀ. ಅವರು ನನ್ನ ತಮ್ಮನ ಊಟ ವಿಚಾರಿಸಿದ್ರು.”

ಮುಂದಿನ ಭಾನುವಾರ ಅವಳು ಅದೇ ಚರ್ಚಿನ ಬಾಗಿಲಲ್ಲಿ ನಿಂತು, ಹೊರಗೆ ಬಂದವರಿಗೆಲ್ಲ ನಡೆದದ್ದನ್ನು ಹೇಳಿದಳು. ಯಾರೂ ಅವಳನ್ನು ಕೇಳಿಕೊಂಡಿರಲಿಲ್ಲ. ಮಾಮನಂತೂ ಬೇಡವೆಂದೇ ಹೇಳಿದ್ದರು. ಸೋಮವಾರದಿಂದ ಬಾಂಡ್ಲಿ ಹೊರಲು ಬಂದಳು. ಇವತ್ತಿಗೂ ಬರುತ್ತಿದ್ದಾಳೆ.

ಮಾಮ ಹೋದದ್ದು ಒಂದು ಮಧ್ಯಾಹ್ನ, ಮನೆಯಲ್ಲೇ. ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲಿತ್ತು, ಫಾದರ್ ಬಂದು ಹಣೆಗೆ ಪವಿತ್ರ ತೈಲ ಹಚ್ಚಿ ಅಂತ್ಯಾಭ್ಯಂಗ ಕೊಟ್ಟು ಹೋಗಿದ್ದರು. ಮಗಳು ಹತ್ತಿರ ಬಾಗಿದರೆ ಅವರು ಕೇಳಿದ್ದು, “ಮೇನ್ ಆಫ್ ಮಾಡಿದ್ಯಾ?” ಎಂದು. ಸುಟ್ಟ ಮನೆಯೊಳಗೆ ಕಾಲಿಡುವ ಮುಂಚೆ ಮಗಳನ್ನು ಪ್ರತಿಸಲ ಕೇಳುತ್ತಿದ್ದ ಮಾತು. ಮಾಡಿದೀನಪ್ಪ ಎಂದಳು. ಸರಿ ಎಂಬಂತೆ ತಲೆಯಾಡಿಸಿದರು. ಅತ್ತೆಯ ಕೈ ಅವರ ಎದೆಯ ಮೇಲಿತ್ತು. ಉಸಿರು ನಿಂತದ್ದು ಮೊದಲು ಗೊತ್ತಾದದ್ದು ಆ ಕೈಗೇ.

ಅಂತ್ಯಕ್ರಿಯೆಗೆ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಾಲಕ್ಕೆ ಬೀದಿಗೆ ಬಿದ್ದಿದ್ದ ಸಂಸಾರಗಳೆಲ್ಲ ಮಕ್ಕಳುಮರಿ ಸಮೇತ ಬಂದಿದ್ದವು. ಠಾಣೆಯಿಂದ ಕೆಂಪು ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು. ಸಮವಸ್ತ್ರದ ಹುಡುಗರು ಪೆಟ್ಟಿಗೆ ಹೊರಲು ಸಿದ್ಧರಾಗಿದ್ದರು. ಅಷ್ಟರಲ್ಲಿ ಗಾಡಿಯ ವಯರ್‌ಲೆಸ್ ಮಾತಾಡಿತು. ಎಲ್ಲೋ ಮನೆಯೊಂದಕ್ಕೆ ಬೆಂಕಿ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಮೊದಲ ಸಾಲಿನಲ್ಲಿದ್ದ ಅತ್ತೆಗೆ ವಯರ್‌ಲೆಸ್ಸಿನ ಸದ್ದು ಕೇಳಿಸಿತು. ಎದ್ದು ನಿಂತು, ಬಾಗಿಲ ಕಡೆ ತಿರುಗಿ, ಚರ್ಚಿಗೆಲ್ಲ ಕೇಳುವಂತೆ ಗದರಿದರು: “ಇನ್ನೂ ನಿಂತಿದೀರಾ? ಹೋಗ್ರೋ! ಅವರು ಎದ್ದು ಕೂತಿದ್ರೆ ನಿಮ್ಮನ್ನ ಏನಂತಿದ್ರು ಗೊತ್ತಾ?”

ಹುಡುಗರು ಓಡಿದರು. ಪೆಟ್ಟಿಗೆಗೆ ಹೆಗಲು ಕೊಡಲು ಸುಟ್ಟ ಮನೆಗಳವರು ಮುಂದೆ ಬಂದರು. ಮೊದಲು ಎದ್ದು ಬಂದವಳು ಬೇಕರಿ ಅಕ್ಕ.

ಮೂರನೆಯ ದಿನ ಬೆಳಗ್ಗೆ, ಮನೆಯ ತುಂಬ ಬಂಧುಗಳಿರುವಾಗ, ಅತ್ತೆ ಮಗಳನ್ನು ಕರೆದರು. “ಆವತ್ತು ಬೆಂಕಿ ಬಿತ್ತಲ್ಲ, ಆ ಮನೆ ಯಾವುದು, ವಿಚಾರಿಸು.” ಇನ್ನೂ ಮೂರು ದಿನ ತುಂಬಿಲ್ಲ, ಜನ ಏನಂತಾರೆ ಎಂದು ಯಾರೋ ಹಿರಿಯರು ಗೊಣಗಿದರು. ಅತ್ತೆ ಬಿಳಿ ಬಟ್ಟೆ ಮಡಿಸಿಕೊಂಡು ಹೊರಟರು. “ಅಳೋದು ಅಲ್ಲೂ ಅಳಬಹುದಲ್ಲ” ಎಂದರಂತೆ. ಅವತ್ತು ಆ ಮನೆಯ ಬೂದಿಯಲ್ಲಿ ಮಗುವೊಂದರ ಕಾಲ್ಗೆಜ್ಜೆ ಸಿಕ್ಕಿತು, ಎರಡೂ. “ಮಾಸ್ಕಿನ ಒಳಗೇ ಅತ್ತುಬಿಟ್ಟೆ. ಯಾರಿಗೂ ಕಾಣಲಿಲ್ಲ” ಎನ್ನುತ್ತಾರೆ.

ಅಲ್ಲಿಂದ ಅದೇ ನಡೆದುಕೊಂಡು ಬಂದಿದೆ. ಎಲ್ಲಿ ಮನೆ ಸುಟ್ಟರೂ ಠಾಣೆಯಿಂದ ಮಗಳಿಗೆ ಫೋನ್ ಬರುತ್ತದೆ. ಬೂದಿ ತಣ್ಣಗಾಗಲು ಒಂದೆರಡು ದಿನ ಬಿಟ್ಟು ಇವರು ಹೊರಡುತ್ತಾರೆ. ಬೆಳಗಾಗುತ್ತಲೇ ಶುರುಮಾಡಿದರೆ ಗಾಳಿ ಏಳುವ ಮುಂಚೆ ಅರ್ಧ ಕೆಲಸವಾಗುತ್ತದೆ. ಕೋಣೆಯ ಉಸ್ತುವಾರಿ ಬೇಕರಿ ಅಕ್ಕನದು. ಹಳೆಯ ಬೆಡ್‌ಶೀಟುಗಳನ್ನು ಬೆಳಕಿಗೆ ಹಿಡಿಯುವುದರಲ್ಲಿ ಅವಳು ಮಾಮನನ್ನೂ ಮೀರಿಸುತ್ತಾಳಂತೆ.

ಓಣಿಗೆ ಈಗ ಬಿಸಿಲು ಇಳಿದಿದೆ. ಕತ್ತರಿಯ ಜೊತೆಗೆ ಒಂದಷ್ಟು ಚಮಚ, ಬಾಗಿಲ ಚಿಲಕ, ಗಾಜಿಲ್ಲದ ಕೈಗಡಿಯಾರವೊಂದು ಸಿಕ್ಕಿದೆ. ಸುಟ್ಟ ಮನೆಯ ಹುಡುಗಿಯ ಗಂಡ ಕೆಲಸದ ಕಡೆಯಿಂದ ಬರುತ್ತಾನೆ. ಮನೆ ಮುಂದಿನ ಜಾತ್ರೆ ನೋಡಿ ಅವನಿಗೆ ಗಾಬರಿ. ಇದಕ್ಕೆಲ್ಲ ಏನು ಕೊಡಬೇಕಾಗುತ್ತದೋ ಎಂಬ ಅಳುಕು ಅವನ ಮುಖದಲ್ಲಿ ಎದ್ದು ಕಾಣುತ್ತಿದೆ.

“ಅಮ್ಮಾ, ನೀವು ಯಾರ ಕಡೆಯವರು? ಚರ್ಚಿನವರಾ? ಯಾವುದಾದ್ರೂ ಸಂಘದವರಾ?”

ಕೈಯಾಡಿಸುವುದನ್ನು ನಿಲ್ಲಿಸದೆ, ಬೆನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡು ಅತ್ತೆ ಹೇಳುತ್ತಾರೆ:

“ನಾವು ಫೈರ್ ಸರ್ವಿಸ್‌ನವರಪ್ಪ.”